ಲೈಡನ್ನಿನಲ್ಲಿ ಒಂದು ಹಿಡಿ ಬಟಾಣಿ

ಯಲಬುರ್ಗಾ: ಹೊರಡುವ ಮುಂಚೆ

ಸಂಕೀರ್ಣತೆಯ ವಿಜ್ಞಾನವನ್ನು ಆರೋಗ್ಯ ಸೇವೆಯ ಸುಧಾರಣೆಗೆ ಬಳಸುವುದು ಹೇಗೆಂದು ಕಲಿಯಲು ನನ್ನನ್ನು ಹಾಲೆಂಡಿಗೆ ಕಳಿಸುತ್ತಿದ್ದಾರೆ ಎಂದು ಹೇಳಿದಾಗ ನನ್ನ ಹೆಂಡತಿ ಶಾರದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಸಂಕೀರ್ಣ ಅಂದರೇನು ಎಂದಷ್ಟೇ ಕೇಳಿದಳು. ಒಂದನ್ನು ಸರಿಮಾಡಲು ಹೋದರೆ ಇನ್ನೆಲ್ಲೋ ಮತ್ತೊಂದು ಅಲುಗುತ್ತದೆ, ಯಾವುದು ಅಲುಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ, ಅಂಥದ್ದು ಎಂದೆ.

"ಅದನ್ನ ಕಲ್ಯಾಕ ವಿಮಾನ ಯಾಕ ಹತ್ತಬೇಕ್ರಿ? ನಮ್ಮ ಬೀಗರ ಮನಿಗೆ ಹೋಗಿ ಒಂದು ವಾರ ಇದ್ದು ಬರ್ರಿ," ಎಂದಳು.

ನಾನು ಡಾಕ್ಟರನಲ್ಲ. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಆಮೇಲೆ ಬಸುರಿಯರನ್ನು ಹೆರಿಗೆಗೆ ದವಾಖಾನೆಗೆ ಮುಟ್ಟಿಸುವ ಒಂದು ಸಣ್ಣ ಸೇವಾ ಸಂಸ್ಥೆ ಸೇರಿಕೊಂಡೆ. ನಮ್ಮಲ್ಲಿ ನಾಲ್ಕು ಗಾಡಿಗಳು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಒಂದೊಂದು. ಅವು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಯಾವ ಗಾಡಿ ಎಲ್ಲಿ ನಿಂತರೆ ಹೆಚ್ಚು ಹೆಣ್ಣುಮಕ್ಕಳಿಗೆ ಅನುಕೂಲ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಲೆಕ್ಕ ಹಾಕಿದೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಹೆಸರು ಬರೆಸಿದ ಬಸುರಿಯರು ಕಿಕ್ಕಿರಿದಿದ್ದರು. ನಮ್ಮ ಯಲಬುರ್ಗಾದ ಒಣಸೀಮೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಯಲಬುರ್ಗಾದ ಗಾಡಿಯನ್ನು ಗಂಗಾವತಿ ಕಡೆ ಸಾಗಿಸಬೇಕೆಂದು ಯೋಜನೆ ಬರೆದೆ. ಆ ಯೋಜನೆಯನ್ನು ಓದಿ ಮೆಚ್ಚಿಯೇ ಹಾಲೆಂಡಿನವರು ನನ್ನನ್ನು ಕರೆದದ್ದು. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮನೆಯಲ್ಲಿ ಇನ್ನೊಂದು ವಿಷಯವಿತ್ತು. ಮಗಳು ಸುಜಾತಾ ಚೊಚ್ಚಲ ಬಸುರಿ. ಗಂಗಾವತಿ ಹತ್ತಿರದ ಭತ್ತದ ಗದ್ದೆಯ ಮನೆಗೆ ಅವಳನ್ನು ಕೊಟ್ಟಿದ್ದೆವು. ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹೆರಿಗೆಗೆಂದು ಕರೆತಂದಿದ್ದೆವು. ಯಲಬುರ್ಗಾದಿಂದ ಒಳಗೆ ಕಚ್ಚಾ ರಸ್ತೆಯಲ್ಲಿರುವ ಊರು ನಮ್ಮದು. ಅವಳಿಗೆ ರಕ್ತದೊತ್ತಡ ಸ್ವಲ್ಪ ಏರಿತ್ತು. ಹೆದರಬೇಕಿಲ್ಲ, ಆದರೆ ನೋವು ಕಾಣಿಸಿಕೊಂಡರೆ ಒಂದು ಗಳಿಗೆಯೂ ತಡಮಾಡದೆ ಕೊಪ್ಪಳಕ್ಕೆ ಕರೆತನ್ನಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ನನ್ನ ಲೆಕ್ಕದ ಪ್ರಕಾರ ದಿನ ತುಂಬುವುದು ನಾನು ವಾಪಸು ಬಂದು ಎಷ್ಟೋ ದಿನಗಳ ಮೇಲೆ. ಅಷ್ಟರಲ್ಲಿ ನಾನೇ ಒಂದು ಜೀಪು ಗೊತ್ತುಮಾಡುತ್ತೇನೆ ಎಂದು ಶಾರದಾಗೆ ಹೇಳಿದೆ. ಅವಳು ಎದ್ದು ಹೋಗಿ ಗುರೆಳ್ಳು ಹುರಿಯತೊಡಗಿದಳು. ಅದು ಒಪ್ಪಿಗೆ ಅಲ್ಲವೆಂದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ತಿಳಿಯಬೇಕಿತ್ತು.

ಹೊರಡುವ ದಿನ ಯಲಬುರ್ಗಾದ ಗಾಡಿಯ ಡ್ರೈವರ್ ಗವಿಸಿದ್ದಪ್ಪನನ್ನು ಕರೆಸಿದೆ. ಬರುವ ಸೋಮವಾರ ಗಾಡಿ ಗಂಗಾವತಿ ಕಡೆ ಹೋಗಿ ನಿಂತಿರಬೇಕು, ನಾಳೆ ನಾಡಿದ್ದು ಎಂದರೆ ನನಗೆ ಆಗುವುದಿಲ್ಲ ಎಂದು ತಾಕೀತು ಮಾಡಿದೆ. ತಡ ಎಂದರೆ ನನಗೆ ಮೈ ಉರಿಯುತ್ತದೆ. ಕಾಲೇಜಿನಲ್ಲಿ ಗಂಟೆ ಹೊಡೆದ ಮೇಲೆ ಬಂದ ಹುಡುಗರನ್ನು ಒಳಗೆ ಬಿಟ್ಟುಕೊಂಡವನಲ್ಲ. ಗವಿಸಿದ್ದಪ್ಪ "ಆತ್ರಿ ಸರ" ಎಂದು ತಲೆ ಆಡಿಸಿದ. ನಾನು ನಿಶ್ಚಿಂತೆಯಿಂದ ವಿಮಾನ ಹತ್ತಿದೆ.

ಲೈಡನ್: ಬಂದಿಳಿದ ದಿನ

ಹಾಲೆಂಡಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಡೆದದ್ದು ಗುರೆಳ್ಳು ಚಟ್ನಿ. ಶಾರದಾ ಕಟ್ಟಿಕೊಟ್ಟ ಕರಿ ಪುಡಿಯ ಪೊಟ್ಟಣವನ್ನು ಒಬ್ಬ ಎತ್ತರದ ಅಧಿಕಾರಿ ಬೆಳಕಿಗೆ ಹಿಡಿದು ನೋಡಿದ, ಅಲುಗಾಡಿಸಿದ, ಕೊನೆಗೆ ಮೂಗಿನ ಹತ್ತಿರ ಒಯ್ದು ಜೋರಾಗಿ ಉಸಿರೆಳೆದ. ಆಮೇಲೆ ಅವನು ಸೀನಿದ್ದನ್ನು ನೋಡಿ ನನಗೇ ಪಾಪ ಅನಿಸಿತು. ಕಣ್ಣೊರೆಸಿಕೊಳ್ಳುತ್ತ ಕೈ ಬೀಸಿ ನನ್ನನ್ನು ಕಳಿಸಿಬಿಟ್ಟ. ಹಿಂದಿದ್ದವರನ್ನು ಯಾರನ್ನೂ ಆತ ತಪಾಸಣೆ ಮಾಡಲಿಲ್ಲ.

ನಾನಾ ದೇಶಗಳಿಂದ ಕಲಿಯಲು ಬಂದಿದ್ದ ನಮಗೆ ಉಳಿದುಕೊಳ್ಳಲು ಹೋಟೆಲು ಕೊಟ್ಟಿರಲಿಲ್ಲ; ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಮರೈಕೆ ಎಂಬಾಕೆಯ ಮನೆ. ನಮ್ಮ ತರಗತಿಯನ್ನು ನಡೆಸುವವರೂ ಆಕೆಯೇ. ಮೂವತ್ತು ವರ್ಷ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವರು. ನಾನು ಲೈಡನ್ ಊರಿನಲ್ಲಿ ರೈಲಿನಿಂದ ಇಳಿದರೆ ಆಕೆ ಸೈಕಲ್ ಹಿಡಿದು ನಿಂತಿದ್ದರು. ಕಾರು ಎಲ್ಲಿ ಎಂದು ಹುಡುಕುತ್ತಿದ್ದ ನನ್ನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಲು ಹೇಳಿದರು. ಆ ಚಳಿಯಲ್ಲಿ, ಮಂಕಿಟೋಪಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ವಯಸ್ಸಿನವಳೇ ಆದ ಒಬ್ಬ ಹೆಣ್ಣುಮಗಳು ತುಳಿಯುವ ಸೈಕಲ್ಲಿನ ಹಿಂದೆ ಕಾಲು ಜೋತುಬಿಟ್ಟುಕೊಂಡು ಹೋದೆ. ನಮ್ಮ ಕಡೆಯವರು ಯಾರೂ ನೋಡಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಮನೆಯಲ್ಲಿ ಆಕೆಯ ಗಂಡ ಹೆಂಕ್ ಕಾಫಿ ಕೊಟ್ಟರು. ಜೊತೆಗೆ ತಗಡಿನ ಡಬ್ಬಿ ತೆರೆದು ಮುಂದೆ ಹಿಡಿದರು. ನಾನು ಒಂದು ಬಿಸ್ಕತ್ತು ತೆಗೆದುಕೊಂಡೆ. ಟಪ್ಪೆಂದು ಮುಚ್ಚಳ ಬಿತ್ತು. ಡಬ್ಬಿ ಕಪಾಟು ಸೇರಿತು. ನಮ್ಮ ಕಡೆ ಒಂದೇ ತಿಂದರೆ ಮನೆಯಾಕೆಗೆ ಅವಮಾನ. ಬೇಡ ಬೇಡ ಎನ್ನುವವನ ತಟ್ಟೆಗೆ ಮತ್ತೆರಡು ಹಾಕದಿದ್ದರೆ ಅದು ಉಪಚಾರವೇ ಅಲ್ಲ. ಹಸಿದಿದ್ದ ನಾನು ಆ ಕಪಾಟನ್ನೇ ನೋಡುತ್ತ ಕೂತೆ. ಕೋಣೆಗೆ ಹೋಗಿ ಶಾರದಾ ಕೊಟ್ಟ ಶೇಂಗಾ ಹೋಳಿಗೆ ತಿಂದೆ. ಮರುದಿನ ಅದನ್ನು ಹೆಂಕ್‌ಗೂ ಕೊಟ್ಟೆ. ಅವರೂ ಒಂದೇ ತಿಂದು ಡಬ್ಬಿಯನ್ನು ತಾವೇ ಮುಚ್ಚಿ ನನ್ನ ಕೈಗಿತ್ತರು. ಆಗ ಗೊತ್ತಾಯಿತು, ಅದು ಜಿಪುಣತನವಲ್ಲ, ಅವರ ಮರ್ಯಾದೆ.

ಇದಕ್ಕಿಂತ ದೊಡ್ಡ ಆಘಾತ ಪಾಯಖಾನೆಯಲ್ಲಿ ಕಾದಿತ್ತು. ಕೂತವನ ಕಣ್ಣಿಗೆ ಸರಿಯಾಗಿ ಎದುರು ಗೋಡೆಯ ಮೇಲೆ ಒಂದು ಕ್ಯಾಲೆಂಡರು. ಅದರಲ್ಲಿ ನೆಂಟರಿಷ್ಟರ, ನೆರೆಹೊರೆಯವರ ಹುಟ್ಟಿದ ದಿನಗಳನ್ನೆಲ್ಲ ಅಂದವಾಗಿ ಬರೆದಿದ್ದರು. ಇಂಥ ಶುಭದ ಸಂಗತಿಯನ್ನು ಇಂಥ ಜಾಗದಲ್ಲಿ ನೇತುಹಾಕುವುದೇ ಎಂದು ನನಗೆ ಮುಜುಗರವಾಯಿತು. ಮರೈಕೆಯನ್ನು ಕೇಳಿದೆ. ಎಲ್ಲರ ಮನೆಯಲ್ಲೂ ಹಾಗೆಯೇ ಎಂದರು. ದಿನಕ್ಕೊಮ್ಮೆ ಎಲ್ಲರೂ ತಪ್ಪದೆ ಹೋಗಿ ಸುಮ್ಮನೆ ಕೂರುವ ಜಾಗ ಬೇರೆ ಯಾವುದಿದೆ ಎಂದು ನನ್ನನ್ನೇ ತಿರುಗಿ ಕೇಳಿದರು.

ಒಬ್ಬ ಬಾಣಂತಿಯ ಮನೆ

ತರಗತಿಯಲ್ಲಿ ಮೊದಲ ಎರಡು ದಿನ ಕೇಳಿದ್ದರಲ್ಲಿ ಅರ್ಧ ತಲೆಗೆ ಹೋಗಲಿಲ್ಲ, ಹೋದ ಅರ್ಧವನ್ನು ನಾನು ಒಪ್ಪಲಿಲ್ಲ. ಆರೋಗ್ಯ ವ್ಯವಸ್ಥೆ ಗಡಿಯಾರದಂಥದ್ದಲ್ಲ, ಬಿಚ್ಚಿ ಒರೆಸಿ ಮತ್ತೆ ಜೋಡಿಸಿದರೆ ನಡೆಯುತ್ತದೆ ಎಂದುಕೊಳ್ಳಬೇಡಿ ಎಂದು ಮರೈಕೆ ಹೇಳಿದರು. ಅದರೊಳಗೆ ಮನುಷ್ಯರಿದ್ದಾರೆ, ನೀವು ನಿಯಮ ಬದಲಿಸಿದರೆ ಅವರು ತಮ್ಮ ದಾರಿ ಬದಲಿಸುತ್ತಾರೆ, ಹಳೇ ದಾರಿಯನ್ನು ಬಿಡದೆಯೂ ಇರುತ್ತಾರೆ. ಮೇಲಿನಿಂದ ದೊಡ್ಡ ಯೋಜನೆ ಇಳಿಸುವುದಕ್ಕಿಂತ ಕೆಳಗಿನವರಿಗೆ ಒಂದೆರಡು ಸರಳ ನಿಯಮ ಕೊಟ್ಟು, ಏನಾಗುತ್ತದೆಂದು ನೋಡುತ್ತ ತಿದ್ದಿಕೊಳ್ಳಿ ಎಂಬುದು ಅವರ ವಾದ. ನಮ್ಮಲ್ಲಿ ಕೆಳಗಿನವರಿಗೆ ಬಿಟ್ಟರೆ ಕೆಲಸವೇ ಆಗುವುದಿಲ್ಲ ಎಂದೆ. ಮರೈಕೆ ನಕ್ಕು, ಇಲ್ಲಿಯೂ ಎಲ್ಲ ಮೇಲಧಿಕಾರಿಗಳು ಇದನ್ನೇ ಹೇಳುತ್ತಿದ್ದರು ಎಂದರು.

ಮೂರನೆಯ ದಿನ ನಮ್ಮನ್ನು ಒಂದು ಚೌಕಕ್ಕೆ ಕರೆದೊಯ್ದರು. ಅಲ್ಲಿಯ ಸಿಗ್ನಲ್ ದೀಪಗಳನ್ನೆಲ್ಲ ಕಿತ್ತುಹಾಕಿದ್ದರಂತೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾಟುತ್ತಾರೆ, ನೋಡಿ, ಎಷ್ಟು ಸುಗಮ ಎಂದು ತೋರಿಸಿದರು. ನಾನು ಎಲ್ಲರಂತೆ ಫೋಟೊ ತೆಗೆದುಕೊಂಡೆ. ಗಂಗಾವತಿಯಲ್ಲಿ ಭತ್ತದ ಲಾರಿ, ಆಟೊ, ಎಮ್ಮೆ, ಟ್ರ್ಯಾಕ್ಟರುಗಳು ಸಂಜೆ ಹೊತ್ತು ಒಂದಕ್ಕೊಂದು ಮುಖ ನೋಡಿಕೊಂಡು ದಾಟುವುದನ್ನು ಇವರೊಮ್ಮೆ ಕಂಡಿದ್ದರೆ ನನ್ನನ್ನು ಕಲಿಯಲು ಕರೆಯುತ್ತಿರಲಿಲ್ಲ, ಕಲಿಸಲು ಕರೆಯುತ್ತಿದ್ದರು.

ಅಂದು ಮಧ್ಯಾಹ್ನ ಮರೈಕೆ ನನ್ನನ್ನು ಒಬ್ಬ ಬಾಣಂತಿಯ ಮನೆಗೆ ಕರೆದೊಯ್ದರು. ಹೆರಿಗೆಯಾದ ಮೇಲೆ ಅಲ್ಲಿ ಒಬ್ಬ ನರ್ಸು ವಾರದ ಮಟ್ಟಿಗೆ ಮನೆಗೇ ಬರುತ್ತಾಳೆ. ಕೂಸಿಗೆ ನೀರೆರೆಯುತ್ತಾಳೆ, ತಾಯಿಯನ್ನು ನೋಡಿಕೊಳ್ಳುತ್ತಾಳೆ, ಬಂದವರಿಗೆ ಕಾಫಿ ಮಾಡಿಕೊಡುತ್ತಾಳೆ, ಜಾಸ್ತಿ ಹೊತ್ತು ಕೂತವರನ್ನು ಎಬ್ಬಿಸಿ ಕಳಿಸುತ್ತಾಳೆ. ಇಷ್ಟೂ ಕೆಲಸವನ್ನು ನಮ್ಮಲ್ಲಿ ತವರಿನ ಅವ್ವ ಮಾಡುತ್ತಾಳೆ, ಅದೂ ಮೂರು ತಿಂಗಳು, ಐದು ತಿಂಗಳು ಎಂದು ಹೆಮ್ಮೆಯಿಂದ ವಿವರಿಸಿದೆ. ಚೊಚ್ಚಲ ಬಾಣಂತನಕ್ಕೆ ಹೆಣ್ಣುಮಗಳು ಗಂಡನ ಮನೆ ಬಿಟ್ಟು ತವರಿಗೆ ಬರುವುದನ್ನು, ನನ್ನ ಮಗಳೂ ಈಗ ಹಾಗೇ ಬಂದಿರುವುದನ್ನು, ಕುಬಸದ ಊಟಕ್ಕೆ ಏನೇನು ಮಾಡಿಸಿದ್ದೆವೆಂಬುದನ್ನೂ ಹೇಳಿದೆ. ಮರೈಕೆ ಬಹಳ ಆಸಕ್ತಿಯಿಂದ ಕೇಳಿದರು.

ಆ ಮನೆಯಲ್ಲಿ ನಮಗೆ ಬೆಣ್ಣೆ ಸವರಿದ ದುಂಡನೆಯ ಟೋಸ್ಟ್ ಕೊಟ್ಟರು. ಮೇಲೆ ಗುಲಾಬಿ ಮತ್ತು ಬಿಳಿ ಬಣ್ಣದ ಸಕ್ಕರೆ ಕಾಳು ಉದುರಿಸಿದ್ದರು. ಕಡಿದರೆ ಒಳಗೆ ಸೋಂಪಿನ ಪರಿಮಳ. ನಮ್ಮ ಖಾನಾವಳಿಯಲ್ಲಿ ಊಟವಾದ ಮೇಲೆ ಕೊಡುವ ಬಣ್ಣದ ಬಡೆಸೋಪಿನ ತಮ್ಮನೇ ಅದು. ಕೂಸು ಹುಟ್ಟಿದ ಮನೆಯಲ್ಲಿ ಬಂದವರಿಗೆಲ್ಲ ಅದನ್ನು ಕೊಡಬೇಕಂತೆ; ಸೋಂಪು ತಿಂದರೆ ತಾಯಿಗೆ ಹಾಲು ಹೆಚ್ಚುತ್ತದಂತೆ. ಅತ್ತೆಯಂದಿರು ಹೇಳುವ ಮಾತು ಏಳು ಸಮುದ್ರದಾಚೆಯೂ ಒಂದೇ ಎಂದು ಖುಷಿಯಾಯಿತು. ತೊಡೆಯ ಮೇಲೆ ಉದುರಿದ ಕಾಳುಗಳನ್ನು ಯಾರಿಗೂ ಕಾಣದಂತೆ ಆರಿಸಿ ತಿಂದೆ.

ಮೇಜಿನ ಮೇಲೆ ನಾಲ್ಕು ತಾಲೂಕು

ಮುಂದಿನ ವಾರ ಪ್ರತಿಯೊಬ್ಬರೂ ತಮ್ಮ ಊರಿನ ಯೋಜನೆಯನ್ನು ಎಲ್ಲರೆದುರು ಆಡಿ ತೋರಿಸಬೇಕಿತ್ತು. ಭಾಷಣವಲ್ಲ, ನಿಜವಾಗಿಯೂ ಆಟ. ನನ್ನ ಸರದಿ ಬಂದ ಬೆಳಿಗ್ಗೆ ಮರೈಕೆ ದೊಡ್ಡ ಮೇಜಿನ ಮೇಲೆ ಬಿಳಿ ಹಾಳೆ ಹಾಸಿದರು. ನಾನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಗುರುತಿಸಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನೀಲಿ ಪೆನ್ಸಿಲಿನಲ್ಲಿ ಎಳೆದೆ. ಗಾಡಿಗಳೆಂದು ನಾಲ್ಕು ಬೆಂಕಿಪೊಟ್ಟಣ ಇಟ್ಟೆ. ಬಸುರಿಯರೆಂದು ಮರೈಕೆ ತಮ್ಮ ಅಡುಗೆಮನೆಯಿಂದ ತಂದ ಒಣ ಬಟಾಣಿ ಕಾಳುಗಳನ್ನು ಕೊಟ್ಟರು. ಹೆಸರು ಬರೆಸಿದ ಪ್ರಕಾರ ಇಟ್ಟೆ. ಕಾಲುವೆಯ ಎರಡೂ ಬದಿ ಕಾಳು ತುಂಬಿಕೊಂಡವು. ಯಲಬುರ್ಗಾದ ಸುತ್ತ ಬಿಳಿ ಹಾಳೆಯೇ ಹೆಚ್ಚು ಕಾಣುತ್ತಿತ್ತು.

ನೋಡಿದಿರಾ ಎನ್ನುವಂತೆ ಎಲ್ಲರ ಕಡೆ ತಿರುಗಿ, ಯಲಬುರ್ಗಾದ ಬೆಂಕಿಪೊಟ್ಟಣವನ್ನು ಎತ್ತಿ ಗಂಗಾವತಿಯ ಪಕ್ಕ ಇಟ್ಟೆ. ತಲೆಗಳು ಮೆಚ್ಚಿಕೊಂಡು ಆಡಿದವು. ಪೆರು ದೇಶದ ಒಬ್ಬ ಡಾಕ್ಟರು ಚಪ್ಪಾಳೆಯನ್ನೂ ತಟ್ಟಿದರು.

ಮರೈಕೆ ಮಾತ್ರ ಹಾಳೆಯನ್ನೇ ನೋಡುತ್ತಿದ್ದರು. ಈಗ ತಿಂಗಳುಗಳನ್ನು ನಡೆಸೋಣ ಎಂದರು. ಈ ಹೆಣ್ಣುಮಕ್ಕಳು ಒಂದೇ ಕಡೆ ಕೂತಿರುವುದಿಲ್ಲವಲ್ಲ, ಅವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಕಾಳು ಸರಿಸಿ ಎಂದರು. ಅಷ್ಟು ಜನರ ಮನೆಯ ಸಂಗತಿ ನನಗೆ ಹೇಗೆ ಗೊತ್ತಾಗಬೇಕು ಎಂದೆ.

"ಹಾಗಾದರೆ ಚೆನ್ನಾಗಿ ಗೊತ್ತಿರುವ ಒಬ್ಬಳಿಂದ ಶುರುಮಾಡಿ. ನಿಮ್ಮ ಮಗಳ ಕಾಳು ಯಾವುದು?"

ನಾನು ಗಂಗಾವತಿಯ ಗುಂಪಿನಿಂದ ಒಂದು ಕಾಳು ಎತ್ತಿದೆ. ಅವಳ ಗಂಡನ ಮನೆ ಅಲ್ಲಿ, ಹೆಸರು ಬರೆಸಿದ್ದೂ ಅಲ್ಲಿ.

"ಈಗ ಅವಳು ಎಲ್ಲಿದ್ದಾಳೆ?"

ನನ್ನ ಕೈ ಯೋಚನೆಗೂ ಮೊದಲೇ ಹೊರಟಿತು. ಕಾಲುವೆ ದಾಟಿ, ಕೊಪ್ಪಳ ದಾಟಿ, ಬಿಳಿ ಹಾಳೆಯ ಮೇಲೆ ಹೋಗಿ ಯಲಬುರ್ಗಾದ ಹತ್ತಿರ ಆ ಕಾಳನ್ನು ಇಟ್ಟಿತು. ಅಲ್ಲಿ ಬೆಂಕಿಪೊಟ್ಟಣ ಇರಲಿಲ್ಲ. ಈಗಷ್ಟೇ ನಾನೇ ಎತ್ತಿಕೊಂಡಿದ್ದೆ.

ನಾನು ಇನ್ನೊಂದು ಕಾಳು ಎತ್ತಿದೆ. ಅದು ನಮ್ಮ ಹಿಂದಿನ ಮನೆಯ ಬಸಮ್ಮನ ಮಗಳು. ಅವಳನ್ನೂ ಕಾಲುವೆ ಸೀಮೆಗೇ ಕೊಟ್ಟದ್ದು. ಮತ್ತೊಂದು, ಕುಷ್ಟಗಿಯ ನನ್ನ ತಂಗಿಯ ಮಗಳು; ಅವಳನ್ನೂ ಅಷ್ಟೆ. ನಮ್ಮ ಒಣಸೀಮೆಯ ಯಾವ ಅಪ್ಪನನ್ನು ಬೇಕಾದರೂ ಕೇಳಿ, ಮಗಳು ನೀರಿನ ಊರಿಗೆ ಹೋಗಲಿ, ಅನ್ನ ಉಂಡು ಸುಖವಾಗಿರಲಿ ಎನ್ನುತ್ತಾನೆ. ನಾನೂ ಅದನ್ನೇ ಅಂದವನು. ಹಾಗೆ ಹೋದ ಹೆಣ್ಣುಮಕ್ಕಳೆಲ್ಲ ಚೊಚ್ಚಲ ಹೆರಿಗೆಗೆ ಒಣಸೀಮೆಯ ತವರಿಗೇ ಬರುತ್ತಾರೆ. ಒಂದೊಂದೇ ಕಾಳು ಸರಿಸುತ್ತ ಹೋದೆ. ಅವಸರದಲ್ಲಿ ಕೆಲವು ಉರುಳಿ ನೆಲಕ್ಕೆ ಬಿದ್ದವು. ಕೊನೆಗೆ ನೋಡಿದರೆ ಗಂಗಾವತಿಯಲ್ಲಿ ಎರಡು ಗಾಡಿ, ನಾಲ್ಕಾರು ಕಾಳು. ಕುಷ್ಟಗಿ, ಯಲಬುರ್ಗಾದ ತುಂಬ ಕಾಳುಗಳಿದ್ದವು, ಗಾಡಿ ಇದ್ದದ್ದು ಒಂದೇ.

ಬಸುರಿ ಮಗಳನ್ನು ನಾನೇ ಹೋಗಿ ತವರಿಗೆ ಕರೆತಂದಿದ್ದೆ. ಅವಳು ಪಡಸಾಲೆಯಲ್ಲಿ ಕೂತು ಹುಣಸೆಕಾಯಿ ತಿನ್ನುತ್ತಿದ್ದಾಗ, ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಕೂತು ಅವಳು ಗಂಗಾವತಿಯಲ್ಲಿದ್ದಾಳೆ ಎಂದು ಲೆಕ್ಕ ಹಾಕಿದ್ದೆ. ಮಗಳದು ಮನೆಯ ವಿಷಯ, ಲೆಕ್ಕದ್ದು ಕಚೇರಿಯ ವಿಷಯ ಎಂದುಕೊಂಡಿದ್ದೆ. ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಗವಿಸಿದ್ದಪ್ಪನಿಗೆ ಹೇಳಿದ್ದ ಸೋಮವಾರ ಆಗಲೇ ಮುಗಿದಿತ್ತು.

ಹತ್ತದ ಫೋನು

ಹೊರಗೆ ಬಂದು ಶಾರದಾಗೆ ಫೋನ್ ಮಾಡಿದೆ. ಹತ್ತಲಿಲ್ಲ. ಗವಿಸಿದ್ದಪ್ಪನಿಗೆ ಮಾಡಿದೆ. ಅದೂ ಇಲ್ಲ. ಮತ್ತೆ ಮತ್ತೆ ಮಾಡಿದೆ. ಆಮೇಲೆ ನೆನಪಾಯಿತು, ಅಂದು ಎಳ್ಳಮಾವಾಸ್ಯೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತದೆ. ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ. ಬೆಳೆದ ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಬೇವಿನ ಗಿಡದ ಕೆಳಗೆ ಕೂತು ಊಟ. ನಮ್ಮ ಹೊಲದಲ್ಲಿ ಫೋನ್ ಹತ್ತುವುದಿಲ್ಲ. ಪ್ರತಿ ವರ್ಷ ನಾನು ಅದನ್ನೇ ಸುಖವೆಂದು ಭಾವಿಸುತ್ತಿದ್ದೆ.

ಸುಜಾತಾ ಮನೆಯಲ್ಲಿ ನನ್ನ ಮುದಿ ತಾಯಿಯ ಜೊತೆ ಇಬ್ಬರೇ ಇರುತ್ತಾರೆ ಎಂದು ಹೊಳೆದು ಮತ್ತೊಮ್ಮೆ ಫೋನ್ ಒತ್ತಿದೆ. ದಿನ ತುಂಬಿಲ್ಲ, ಇನ್ನೂ ಸಮಯವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ದಿನವನ್ನೂ ಲೆಕ್ಕ ಹಾಕಿದ್ದು ನಾನೇ ತಾನೆ?

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಮರೈಕೆ ಉಳಿದ ಬಟಾಣಿಯಿಂದ ಗಟ್ಟಿಯಾದ ಹಸಿರು ಸೂಪು ಮಾಡಿದ್ದರು. ನನಗೆ ಚಮಚ ಎತ್ತಲಾಗಲಿಲ್ಲ. ಹೆಂಕ್ ನನ್ನ ಮುಖ ನೋಡಿ, ಕೋಟು ಕೊಟ್ಟು, ಕಾಲುವೆಯ ಪಕ್ಕ ನಡೆದು ಬರೋಣ ಎಂದರು. ಎಂಜಿನಿಯರಾಗಿ ಅವರು ಕೆಲಸ ಮಾಡಿದ್ದೆಲ್ಲ ಕಾಲುವೆಗಳ ಮೇಲೆಯೇ. ನೀರಿನ ಮೇಲೆ ತೆಳ್ಳಗೆ ಹಿಮ ಕಟ್ಟಿತ್ತು. ಈಜಲು ಇಳಿದ ಬಾತುಕೋಳಿಗಳು ಜಾರುತ್ತ ನಡೆಯುತ್ತಿದ್ದವು. ಒಂದು ತೂಬಿನ ಬಳಿ ನಿಂತು ಹೆಂಕ್ ತಮ್ಮ ಹಳೇ ಕಥೆ ಹೇಳಿದರು. ಹೊಸದರಲ್ಲಿ ಅವರು ನಕ್ಷೆ ನೋಡಿ ತೂಬು ತೆಗೆಯುತ್ತಿದ್ದರಂತೆ. ನೀರು ಯಾರದೋ ಕೊಟ್ಟಿಗೆಗೆ ನುಗ್ಗುತ್ತಿತ್ತಂತೆ. ಆಮೇಲೆ ಒಂದು ರೂಢಿ ಮಾಡಿಕೊಂಡರು.

"ತೂಬಿಗೆ ಕೈ ಹಾಕುವ ಮೊದಲು ಕೆಳಗಿನವರಿಗೆ ಫೋನ್ ಮಾಡಿ, ನಿಮ್ಮ ಕಡೆ ಈಗ ಹೇಗಿದೆ ಎಂದು ಕೇಳುತ್ತಿದ್ದೆ. ಅಷ್ಟೇ. ಇಷ್ಟು ವರ್ಷ ಅದೇ ನನ್ನ ಎಂಜಿನಿಯರಿಂಗು."

ನಮ್ಮ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರು ಇದನ್ನು ಕೇಳಬೇಕಿತ್ತು ಎಂದುಕೊಂಡೆ. ಕೋಟಿನ ಜೇಬಿನಲ್ಲಿ ಫೋನನ್ನು ಹಿಡಿದುಕೊಂಡೇ ನಡೆಯುತ್ತಿದ್ದೆ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಗುಲಾಬಿ ಬಣ್ಣದ ಕಾಳು

ಮನೆಯ ಬಾಗಿಲಿಗೆ ಬಂದಾಗ ಫೋನು ಬಡಿದುಕೊಂಡಿತು. ಶಾರದಾ.

"ಅರಾಮ ಅದೀರೇನ್ರಿ? ಗಾಬ್ರಿ ಆಗಬ್ಯಾಡ್ರಿ. ಹೆಣ್ಣುಕೂಸು ಆಗೇತಿ. ಇಬ್ರೂ ಛಲೋ ಅದಾರ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲ್ಲಿ, ಹೇಗೆ, ಯಾರು ಕರೆದೊಯ್ದರು ಎಂದು ಒಂದರ ಮೇಲೊಂದು ಕೇಳಿದೆ. ಶಾರದಾ ಸಾವಕಾಶವಾಗಿ ಹೇಳಿದಳು. ಇವರೆಲ್ಲ ಹೊಲಕ್ಕೆ ಹೋದಾಗ ಸುಜಾತಾಗೆ ನೋವು ಶುರುವಾಗಿದೆ, ತಲೆ ಸಿಡಿಯತೊಡಗಿದೆ. ನನ್ನ ತಾಯಿ ಹೊರಗೆ ಬಂದು ಕೂಗಿದ್ದಾರೆ. ತನ್ನ ಬಸುರಿ ಮಗಳಿಗಾಗಿ ಮನೆಯಲ್ಲೇ ಉಳಿದಿದ್ದ ಬಸಮ್ಮ ಓಡಿಬಂದು ಗಾಡಿಗೆ ಫೋನ್ ಮಾಡಿದ್ದಾಳೆ. ಯಾವ ಗಾಡಿಗೆ ಎಂದೆ.

"ನಮ್ಮ ಯಲಬುರ್ಗಾದ ಗಾಡಿಗ್ರಿ. ಮತ್ತ್ಯಾವುದು? ಗವಿಸಿದ್ದಪ್ಪ ಬಂದಿದ್ದ, ದಾರ್ಯಾಗ ಹೊಲದಿಂದ ನನ್ನೂ ಹತ್ತಿಸ್ಕೊಂಡ. ಗಾಡಿಗೆಲ್ಲಾ ಚಂಡುಹೂವು ಕಟ್ಯಾನ, ನಿಂಬಿಹಣ್ಣು ಕಟ್ಯಾನ. ಮದಿವಿ ದಿಬ್ಬಣ ಹೊಂಟಂಗ ಹೋದ್ವಿ ಕೊಪ್ಪಳಕ್ಕ."

ಸೋಮವಾರವೇ ಗಂಗಾವತಿಗೆ ಹೋಗಬೇಕಾದ ಗಾಡಿ ಅಮಾವಾಸ್ಯೆಯ ದಿನವೂ ಯಲಬುರ್ಗಾದಲ್ಲೇ ನಿಂತಿತ್ತು. ಗವಿಸಿದ್ದಪ್ಪ ಅದನ್ನು ಸಾಗಿಸಿರಲಿಲ್ಲ. ಅಮಾವಾಸ್ಯೆ ಹತ್ತಿರವಿರುವಾಗ ಗಾಡಿ ನಿಂತ ಜಾಗ ಬಿಡಿಸಬಾರದು, ಅಮಾವಾಸ್ಯೆಯ ಪೂಜೆ ಮುಗಿಸಿ ಒಯ್ದರಾಯಿತು ಎಂದು ಸುಮ್ಮನಿದ್ದನಂತೆ. ನನಗೆ ಹೇಳಿದರೆ ಬೈಯುತ್ತೇನೆಂದು ಹೇಳಿರಲಿಲ್ಲವಂತೆ. ನಿಜ, ಬೈಯುತ್ತಿದ್ದೆ. ಇನ್ನೊಂದಿಷ್ಟು ತಡವಾಗಿದ್ದರೆ ತಾಯಿ, ಕೂಸು ಇಬ್ಬರಿಗೂ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರಂತೆ. ಅದನ್ನು ಹೇಳುವಾಗ ಮಾತ್ರ ಶಾರದಾಳ ದನಿ ಒಡೆಯಿತು. ನಾನು ಆ ಪರದೇಶದ ಮೆಟ್ಟಿಲ ಮೇಲೆ, ಹೋಗಿಬರುವವರ ಎದುರಿಗೇ ಅತ್ತೆ.

ಸಮಾಧಾನವೆಂದರೆ ಏನೆಂದು ಅಂದು ಗೊತ್ತಾಯಿತು. ಮೊದಲು ಕಾಲುಗಳಿಗೆ ಬಂತು, ಆಮೇಲೆ ಹೊಟ್ಟೆಗೆ. ಒಳಗೆ ಹೋಗಿ ತಣ್ಣಗಾಗಿದ್ದ ಆ ಬಟಾಣಿ ಸೂಪನ್ನು ಗುರೆಳ್ಳು ಚಟ್ನಿ ಹಾಕಿಕೊಂಡು ಎರಡು ಬಟ್ಟಲು ಕುಡಿದೆ.

ಹೆಂಕ್ ಅಂಗಡಿಗೆ ಹೋಗಿ ದುಂಡು ಟೋಸ್ಟು, ಗುಲಾಬಿ ಬಿಳಿ ಕಾಳು ತಂದರು. ಆ ದೇಶದಲ್ಲಿ ಹುಟ್ಟು, ಹುಟ್ಟುಹಬ್ಬ ಎಂದರೆ ಸಂಬಂಧಪಟ್ಟವರನ್ನಷ್ಟೇ ಅಲ್ಲ, ಸುತ್ತ ಇದ್ದವರನ್ನೆಲ್ಲ ಕೈಕುಲುಕಿ ಅಭಿನಂದಿಸುತ್ತಾರೆ. ಮರೈಕೆ ನನ್ನನ್ನು ಅಭಿನಂದಿಸಿದರು, ಹೆಂಕ್ ಮರೈಕೆಯನ್ನು ಅಭಿನಂದಿಸಿದರು, ನಾನು ಹೆಂಕ್ ಅವರನ್ನು ಅಭಿನಂದಿಸಿದೆ. ಬಿಸ್ಕತ್ತಿನ ಡಬ್ಬಿ ಹೊರಗೆ ಬಂತು. ನಾನು ಒಂದು ತೆಗೆದುಕೊಂಡೆ. ಹೆಂಕ್ ಸ್ವಲ್ಪ ಯೋಚಿಸಿ, ಮುಚ್ಚಳ ಹಾಕದೆ, ಡಬ್ಬಿಯನ್ನು ನನ್ನ ಮುಂದೆಯೇ ಬಿಟ್ಟರು. ಅವರಿಂದ ಅದು ಎಷ್ಟು ದೊಡ್ಡ ಉಡುಗೊರೆಯೆಂದು ನನಗೆ ಅಷ್ಟರಲ್ಲಿ ತಿಳಿದಿತ್ತು.

ಆಮೇಲೆ ಮರೈಕೆ ಪೆನ್ನು ಹಿಡಿದು ಪಾಯಖಾನೆಗೆ ಹೋದರು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ ಎಂದು ನಾನು ಹೊರಗಿನಿಂದ ಹೇಳಿದೆ. ಪರವಾಗಿಲ್ಲ, ಊರಿನ ಹೆಸರು ಹೇಳಿ ಎಂದರು. ಹೀಗೆ, ತೊಟ್ಟಿಲಿಗೆ ಹಾಕುವ ಮೊದಲೇ ನನ್ನ ಮೊಮ್ಮಗಳು ಲೈಡನ್ನಿನ ಒಂದು ಪಾಯಖಾನೆಯ ಗೋಡೆ ಸೇರಿದಳು. ನನಗೆ ಒಂದಿಷ್ಟೂ ಮುಜುಗರವಾಗಲಿಲ್ಲ.

ಮನೆ

ಊರಿಗೆ ಬಂದಾಗ ಮನೆಯ ತುಂಬ ಸಾಂಬ್ರಾಣಿ, ಅಜವಾನ, ಬೆಳ್ಳುಳ್ಳಿಯ ವಾಸನೆ. ದವಾಖಾನೆಯಿಂದ ಬಂದು ಸುಜಾತಾ ಹೊರಸಿನ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಮೊಮ್ಮಗಳು ಮುಷ್ಟಿ ಬಿಗಿಹಿಡಿದು ಮಲಗಿದ್ದಳು. ಅಮಾವಾಸ್ಯೆಯ ದಿನ ಹುಟ್ಟಿದ ಕೂಸು, ಶಾಂತಿ ಮಾಡಿಸಬೇಕೇನೋ ಎಂದು ನನ್ನ ತಾಯಿ ಗೊಣಗಿದರು. ಆ ಅಮಾವಾಸ್ಯೆಗೆ ನಾನೇ ಕೈ ಮುಗಿಯಬೇಕು, ಸುಮ್ಮನಿರವ್ವ ಎಂದೆ.

ಬಾಗಿಲಲ್ಲಿ ಗವಿಸಿದ್ದಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮುಖದಲ್ಲಿ ಅಪರಾಧಿಯ ಕಳೆ.

"ತಪ್ಪಾತ್ರಿ ಸರ. ನೀವು ಹೇಳಿದ್ದು ಸೋಮಾರ. ಈಗ ಅಮಾಸಿ ಮುಗದೈತಿ, ನಾಳೆ ಒಯ್ತೀನ್ರಿ ಗಂಗಾವತಿಗೆ."

ತಡಮಾಡಿದವರಿಗೆ ಏನು ಹೇಳಬೇಕೆಂದು ನನಗೆ ಜೀವನವಿಡೀ ಗೊತ್ತಿತ್ತು. ಅಂದು ಅದನ್ನು ಬಿಟ್ಟು, ಹಾಲೆಂಡಿನಿಂದ ತಂದ ಟೋಸ್ಟಿಗೆ ಬೆಣ್ಣೆ ಹಚ್ಚಿ, ಗುಲಾಬಿ ಕಾಳು ಉದುರಿಸಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಗಾಡಿ ಎಲ್ಲಿಗೂ ಒಯ್ಯಬ್ಯಾಡಪ್ಪ. ಇಲ್ಲೇ ಇರ್ಲಿ," ಎಂದೆ.

ಅಮಾವಾಸ್ಯೆಯನ್ನು ನಾನು ನಂಬುವವನಲ್ಲ, ಈಗಲೂ ನಂಬುವುದಿಲ್ಲ. ಮುಂದಿನ ಸಲ ಅದು ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿಬಿಡಬಹುದು. ಆದರೆ ನನ್ನ ಯೋಜನೆಯ ಮೇಲೂ ಆ ಮೊದಲಿನ ನಂಬಿಕೆ ಉಳಿದಿರಲಿಲ್ಲ. ಮರುದಿನ ಹೆಂಕ್ ಅವರ ಎಂಜಿನಿಯರಿಂಗನ್ನೇ ಹಿಡಿದೆ. ಹೊಸ ನಿಯಮ ಒಂದೇ: ದಿನ ಹತ್ತಿರವಾದ ಪ್ರತಿ ಹೆಣ್ಣುಮಗಳಿಗೂ ನಾವೇ ಫೋನ್ ಮಾಡಿ, ಈಗ ಎಲ್ಲಿದ್ದೀರಿ ಎಂದು ಕೇಳಬೇಕು. ಅವರು ಇರುವ ಕಡೆಯ ಗಾಡಿಗೆ ತಿಳಿಸಬೇಕು.

ಮೊದಲ ಫೋನು ನಾನೇ ಮಾಡಿದೆ. ಗಂಗಾವತಿ ಸೀಮೆಯಲ್ಲಿ ಹೆಸರು ಬರೆಸಿದ್ದ ಒಬ್ಬ ಹೆಣ್ಣುಮಗಳು. ಈಗ ಎಲ್ಲಿ ಅದಿಯವ್ವ ಎಂದು ಕೇಳಿದೆ.

"ಕುಷ್ಟಗ್ಯಾಗ ಅದೀನ್ರಿ, ನಮ್ಮವ್ವನ ಮನ್ಯಾಗ," ಎಂದಳು. ಇದೂ ಒಂದು ಕೇಳುವ ಮಾತೇ ಎಂಬ ಆಶ್ಚರ್ಯ ಅವಳ ದನಿಯಲ್ಲಿತ್ತು. ಎರಡನೆಯವಳು ಕೊಪ್ಪಳದ ಹತ್ತಿರ ಇದ್ದಳು. ಮೂರನೆಯವಳು ನಮ್ಮ ಹಿಂದಿನ ಮನೆಯಲ್ಲೇ ಇದ್ದಳು, ಬಸಮ್ಮನ ಮಗಳು. ಫೋನಿನಲ್ಲಿ ಕೇಳಿದ ಅವಳ ನಗು ಗೋಡೆಯ ಆಚೆಯಿಂದಲೂ ಕೇಳಿಸಿತು.

ಒಳಗಿನ ಕೋಣೆಯಲ್ಲಿ ಸುಜಾತಾ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬಟಾಣಿಯ ಕಥೆಯನ್ನು ಹಿಂದಿನ ದಿನವೇ ಅವಳಿಗೆ ಹೇಳಿದ್ದೆ. ನಾಲ್ಕನೆಯ ಫೋನಿಗೆ ಕೈ ಹಾಕುವಾಗ ಅವಳು ಕರೆದಳು.

"ಅಪ್ಪಾ, ಊರ ಮಂದಿನ್ನೆಲ್ಲಾ ಕೇಳಾಕ ಹತ್ತೀರಿ. ನನ್ನ ಕೇಳೂದಿಲ್ಲೇನ್ರಿ?"

ನಾನು ಎದ್ದು ಬಾಗಿಲಿಗೆ ಹೋಗಿ ನಿಂತೆ. ಅವಳ ತೊಡೆಯ ಮೇಲೆ ಕೂಸು ಆಕಳಿಸುತ್ತಿತ್ತು. ಫೋನಿನಲ್ಲಿ ಕೇಳಿದಂತೆಯೇ ಕೇಳಿದೆ.

"ಈಗ ಎಲ್ಲಿ ಅದಿಯವ್ವಾ?"

"ನಿಮ್ಮ ಕಣ್ಮುಂದನ ಅದೀನಲ್ರಿ," ಎಂದಳು.